ಕುರ್ಲಾದಿಂದ ಪುದುಪೇಟೆಯವರೆಗೆ: ಡಿಲೈಟ್ ಕಾರಿನ ಬಿಡಿಭಾಗಗಳ ಬೆನ್ನುಹತ್ತಿ

ಬುಧವಾರ, ಕುರ್ಲಾ

ಮುಂಬೈಯಲ್ಲಿ ಇಳಿದ ಕೂಡಲೇ ಕುರ್ಲಾಕ್ಕೇ ಹೋಗಬೇಕೆಂದು, ನನ್ನ ಹಳೆಯ ಕಾರನ್ನು ಮೂಲರೂಪಕ್ಕೆ ತರುತ್ತಿರುವ ಮೇಸ್ತ್ರಿಗಳು ಪಟ್ಟು ಹಿಡಿದಿದ್ದರು. ನಮ್ಮ ಕಾರು ತಯಾರಾದದ್ದು ಅಲ್ಲಿ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಕಾರ್ಖಾನೆ ಕುರ್ಲಾದಲ್ಲಿತ್ತು. ಈಗ ಕಾರ್ಖಾನೆಯಿಲ್ಲ, ಕಾರೂ ತಯಾರಾಗುವುದಿಲ್ಲ. ಆದರೆ ಆ ಕಾರುಗಳ ಅವಶೇಷ ಹೆಚ್ಚಾಗಿ ಸಿಗುವುದು ಇಂದಿಗೂ ಅದೇ ಸುತ್ತಿನಲ್ಲಿ, ಸಿ.ಎಸ್.ಟಿ. ರಸ್ತೆಯ ಗುಜರಿಗಳಲ್ಲಿ.

ಕಾರು 1968ರ ಫಿಯಟ್ 1100 ಡಿಲೈಟ್. ಬಾಡಿಯ ತುಕ್ಕು ಕತ್ತರಿಸಿ, ಹೊಸ ತಗಡು ಬೆಸೆದು, ಪ್ರೈಮರ್ ಹಚ್ಚಿ ನಿಲ್ಲಿಸಿದ್ದೇವೆ. ಎಂಜಿನ್ ಬಿಚ್ಚಿ ಟ್ರೇಗಳಲ್ಲಿ ಹರಡಿದೆ. ಈ ಕಾರಿನ ಬಿಡಿಭಾಗ ಹುಡುಕುವವರಿಗೆ ಇರುವ ದೊಡ್ಡ ತೊಡಕು ಅದರ ರೂಪವೇ. 1964ರ ಸುಮಾರಿಗೆ ಫಿಯಟ್ 1100 ಡಿಲೈಟ್ ಎಂದು ಬಂದ ಕಾರು, 1972ರ ಹೊತ್ತಿಗೆ ಫಿಯಟ್ ಹೆಸರು ಕಳಚಿಕೊಂಡು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು. 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದು ಹೊಸ ಶತಮಾನದ ಹೊಸ್ತಿಲವರೆಗೂ ಓಡಿತು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಕಾರು. ಒಳಗೆ ಮಾತ್ರ ವಿದ್ಯುತ್ ಒದಗಿಸುವ ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಕೊನೆಯ ಕಾಲದ ಎಸ್1 ಮಾದರಿಯಲ್ಲಂತೂ ಸ್ಟೇರಿಂಗ್ ಪಕ್ಕದ ಗೇರು ನೆಲಕ್ಕಿಳಿಯಿತು. ಮುಂಭಾಗದ ಜಾಲರಿ, ದೀಪ, ಹಿಡಿಕೆ, ಮೀಟರ್ ಹೀಗೆ ಕಣ್ಣಿಗೆ ಕಂಡೂ ಕಾಣದ ಬದಲಾವಣೆಗಳು ಇನ್ನೂ ಎಷ್ಟೋ.

ಸಿ.ಎಸ್.ಟಿ. ರಸ್ತೆಯಲ್ಲಿ ಯಾವ ಅಂಗಡಿಗೆ ಹೋಗಿ ಡಿಲೈಟ್ ಎಂದು ಕೇಳಿದರೂ ಬರುವ ಉತ್ತರ ಒಂದೇ: ‘ಪದ್ಮಿನಿಯದ್ದು ಇದೆ, ಕೂರುತ್ತದೆ.’ ಈ ಕೂರುವುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಬೋಲ್ಟಿನ ತೂತು ಸರಿಹೊಂದಿತು ಎಂದ ಮಾತ್ರಕ್ಕೆ ಆ ಭಾಗ ಆ ಕಾರಿನದಾಗುವುದಿಲ್ಲ. ಕಾರನ್ನು ಓಡಿಸುವುದಷ್ಟೇ ಗುರಿಯಾದರೆ ಕೂರುವ ಭಾಗ ಸಾಕು. ಅದು 1968ರಲ್ಲಿ ಕಾರ್ಖಾನೆಯಿಂದ ಹೊರಬಂದಂತೆ ಆಗಬೇಕಾದರೆ ಸಾಲದು. ಅದಕ್ಕಾಗಿಯೇ ಹಳೆಯ ಭಾಗಗಳನ್ನು ಬಟ್ಟೆಯಲ್ಲಿ ಸುತ್ತಿ, ಪ್ರತಿಯೊಂದಕ್ಕೂ ಚೀಟಿ ಕಟ್ಟಿ ಹೊತ್ತು ತಂದಿದ್ದೆವು. ಫೋಟೋ ತೋರಿಸಿ ಭಾಗ ಕೇಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಫೋಟೋದಲ್ಲಿ ಅಳತೆ ಬರುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಗುಜರಿಯ ಹಿತ್ತಲಲ್ಲಿ ಬಾಗಿಲುಗಳ ರಾಶಿ ಸಿಕ್ಕಿತು. ಅಂಚುಗಳಲ್ಲಿ ಹಳದಿ, ಕಪ್ಪು ಬಣ್ಣ ಇನ್ನೂ ಉಳಿದಿದ್ದ ಟ್ಯಾಕ್ಸಿ ಬಾಗಿಲುಗಳು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಅವು ರಸ್ತೆಯಲ್ಲಿಲ್ಲ. ಅವನ್ನು ಗುಜರಿಯಲ್ಲಿ ಒಡೆಯುತ್ತಿದ್ದ ಕಾಲಕ್ಕೆ ಬಿಡಿಭಾಗಗಳು ತಾವಾಗಿ ಬಂದು ಬೀಳುತ್ತಿದ್ದವಂತೆ. ಈಗ ಉಳಿದಿರುವುದು ಆಗಿನ ದಾಸ್ತಾನು, ಅದೂ ಕರಗುತ್ತಿದೆ ಎಂದು ಅಂಗಡಿಯ ಹಿರಿಯರು ಹೇಳಿದರು. ಅವರ ಮಾತಿನಲ್ಲಿ ವ್ಯಾಪಾರದ ಧಾವಂತ ಇರಲಿಲ್ಲ. ನಾವು ತಂದಿದ್ದ ಎಡಬಾಗಿಲಿನ ಹಿಡಿಕೆಯನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ಹಿಂಬದಿಯ ಚೌಕದ ಕಡ್ಡಿಯ ಉದ್ದವನ್ನು ಬೆರಳಲ್ಲೇ ಅಳೆದು, ‘ಇದು ಈ ರಾಶಿಯಲ್ಲಿ ಸಿಗುವುದಿಲ್ಲ, ನಿಮ್ಮ ಸಮಯ ಹಾಳು ಮಾಡಿಕೊಳ್ಳಬೇಡಿ’ ಎಂದುಬಿಟ್ಟರು. ಇಡೀ ದಿನ ಕೇಳಿದ ಮಾತುಗಳಲ್ಲಿ ನನಗೆ ಹೆಚ್ಚು ಉಪಯೋಗವಾದದ್ದು ಅದೇ.

ಅವರಲ್ಲೇ ಗೇರು ಬದಲಿಸುವ ಕಡ್ಡಿಗಳ ಪೂರ್ತಿ ಜೋಡಣೆ ಸಿಕ್ಕಿತು. ಸ್ಟೇರಿಂಗ್ ಕಾಲಮ್ಮಿನಿಂದ ಗೇರ್‌ಬಾಕ್ಸ್‌ವರೆಗಿನ ಈ ಕಡ್ಡಿಗಳಲ್ಲಿ ಸವೆಯುವುದು ಕೊನೆಯ ತೂತುಗಳು. ದುಂಡಗಿನ ತೂತು ಮೊಟ್ಟೆಯ ಆಕಾರಕ್ಕೆ ತಿರುಗಿದರೆ ಎರಡನೆಯ ಗೇರಿನ ಬದಲು ಕೈಗೆ ಬರೀ ಸಡಿಲ ಸಿಗುತ್ತದೆ. ಮೇಸ್ತ್ರಿಗಳು ಜೇಬಿನಿಂದ ಡ್ರಿಲ್ ಬಿಟ್ಟುಗಳನ್ನು ತೆಗೆದು, ಅವುಗಳ ಹಿಡಿಯ ಭಾಗವನ್ನು ಒಂದೊಂದೇ ತೂತಿಗೆ ತೂರಿಸಿ, ಎರಡು ದಿಕ್ಕಿನಲ್ಲಿ ಅಲುಗಾಡಿಸಿ ನೋಡಿದರು. ಮೂರು ತೂತು ಸವೆದಿದ್ದವು. ‘ಕಡ್ಡಿ ನೇರವಾಗಿದೆ ಸಾರ್, ಅದೇ ಮುಖ್ಯ. ತೂತಿಗೆ ಲೇತಿನಲ್ಲಿ ಬುಷ್ ಮಾಡಿ ಹಾಕೋಣ’ ಎಂದರು. ಕೊಂಡೆವು.

ಗುರುವಾರ, ಕಾರ್ಬ್ಯುರೇಟರ್ ಬೆಂಚಿನ ಮುಂದೆ

ಟ್ಯಾಕ್ಸಿಗಳ ಕಾಲದಲ್ಲಿ, ಪೆಟ್ರೋಲು ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಒಂದನ್ನೇ ರಿಪೇರಿ ಮಾಡಿಕೊಂಡು ಸಂಸಾರ ನಡೆಸಿದವರು ಮುಂಬೈಯಲ್ಲಿ ಇದ್ದರು. ಅಂಥ ಒಬ್ಬರ ವಿಳಾಸ ನಿನ್ನೆಯ ಹಿರಿಯರಿಂದ ಸಿಕ್ಕಿತ್ತು. ಒಂದು ಮೇಜು, ಸೀಮೆಎಣ್ಣೆಯ ತಟ್ಟೆ, ಹಲ್ಲುಜ್ಜುವ ಬ್ರಷ್ಷು, ಔಷಧಿಯ ಡಬ್ಬಿಗಳಲ್ಲಿ ವಿಂಗಡಿಸಿಟ್ಟ ಜೆಟ್‌ಗಳು, ಅಂದರೆ ಪೆಟ್ರೋಲಿನ ಹರಿವು ನಿಯಂತ್ರಿಸುವ ಸಣ್ಣ ರಂಧ್ರದ ತುಣುಕುಗಳು. ಇಡೀ ದಿನ ಅಲ್ಲಿಯೇ ಕಳೆಯಿತು. ಈ ಪ್ರವಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ದಿನ ಇದು.

ನಮ್ಮ ಕಾರಿನ ಹಿಂದಿನ ಮಾಲೀಕರು ಯಾವುದೋ ಬೇರೆ ಎಂಜಿನ್ನಿನ ಕಾರ್ಬ್ಯುರೇಟರನ್ನು ಮಧ್ಯೆ ಅಲ್ಯುಮಿನಿಯಮ್ ತಟ್ಟೆ ಇಟ್ಟು ಕೂರಿಸಿದ್ದರು. ಬೇಕಾಗಿದ್ದದ್ದು ಸೋಲೆಕ್ಸ್ ಹೆಸರಿನ ಕಾರ್ಬ್ಯುರೇಟರ್. ಸೋಲೆಕ್ಸ್ ಹೆಸರಿನ ಜೊತೆ ಬರುವ ಅಂಕೆ ಥ್ರಾಟಲ್ (ಎಂಜಿನ್ನಿಗೆ ಹೋಗುವ ಹರಿವನ್ನು ತೆರೆದು ಮುಚ್ಚುವ ಕವಾಟ) ಇರುವ ಗಂಟಲಿನ ವ್ಯಾಸ, ಮಿಲಿಮೀಟರಿನಲ್ಲಿ. 32 ಎಂದರೆ 32 ಮಿ.ಮೀ. ಗಂಟಲು. ಒಳಗಿನ ಜೆಟ್ಟಿನ ತಲೆಯ ಮೇಲೂ ಅಂಕೆ ಒತ್ತಿರುತ್ತದೆ. ಅದು ಮಿಲಿಮೀಟರಿನ ನೂರನೆಯ ಒಂದು ಭಾಗದ ಲೆಕ್ಕ. 120 ಎಂದಿದ್ದರೆ ಪೆಟ್ರೋಲು ಹರಿಯುವ ರಂಧ್ರ 1.20 ಮಿ.ಮೀ.

ಮೇಜಿನವರು ನಮಗಾಗಿ ಆರಿಸಿಟ್ಟ ಕಾರ್ಬ್ಯುರೇಟರ್ ಬಿಚ್ಚಿ, ಜೆಟ್ ತೆಗೆದು, ಭೂತಗನ್ನಡಿಯಲ್ಲಿ ನೋಡಿ ನನ್ನ ಕೈಗಿತ್ತರು. ಅಂಕೆ ಸ್ಪಷ್ಟವಾಗಿ 120. ಆಮೇಲೆ ಸೂಜಿಯಷ್ಟು ತೆಳುವಾದ ಅಳತೆಕಡ್ಡಿಗಳ ಕಟ್ಟು ಬಿಚ್ಚಿದರು. 1.20ರದು ಒಳಗೆ ಹೋಯಿತು. 1.25ರದೂ ಹೋಯಿತು. 1.30ರ ಕಡ್ಡಿಯೂ ಯಾವ ತಡೆಯಿಲ್ಲದೆ ಇಳಿಯಿತು. ಯಾವ ಕಾಲದಲ್ಲೋ ಯಾರೋ ಅದನ್ನು ಕೊರೆದು ದೊಡ್ಡದು ಮಾಡಿದ್ದರು. ಬೆಳಕಿಗೆ ಹಿಡಿದಾಗ ರಂಧ್ರದ ಒಳಗೋಡೆಯಲ್ಲಿ ಸುರುಳಿ ಗೀರು ಕಂಡಿತು. ಕಂಪನಿಯ ಜೆಟ್ಟಿನ ಗೋಡೆ ಕನ್ನಡಿಯಂತೆ ನುಣುಪಾಗಿರುತ್ತದೆ. ಅಂಕೆ ನೋಡಿ ಕೊಂಡಿದ್ದರೆ ಎಂಜಿನ್ ಪೆಟ್ರೋಲು ಕುಡಿದು ಕಪ್ಪು ಹೊಗೆ ಕಾರುತ್ತಿತ್ತು, ನಾವು ದೋಷವನ್ನು ಕಿಡಿ ಕೊಡುವ ಇಗ್ನಿಷನ್ನಿನಲ್ಲಿ ಹುಡುಕುತ್ತಿದ್ದೆವು. ಭಾಗದ ಮೇಲಿನ ಅಂಕೆ ಹುಡುಕಾಟದ ಆರಂಭ ಮಾತ್ರ. ಅದನ್ನು ಒಪ್ಪಬೇಕಾದದ್ದು ಅಳತೆ.

ಜೆಟ್ ಬದಲಿಸಬಹುದು, ಅದು ಚಿಕ್ಕ ಮಾತು. ಕಾರ್ಬ್ಯುರೇಟರ್ ಕೊಳ್ಳುವಾಗ ನೋಡಲೇಬೇಕಾದದ್ದು ಥ್ರಾಟಲ್ ಕಡ್ಡಿಯ ಸಡಿಲ. ಕಡ್ಡಿ ತಿರುಗುವ ತೂತು ಸವೆದಿದ್ದರೆ ಅಲ್ಲಿಂದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಕಾರು ನಿಂತಲ್ಲಿ ಎಂಜಿನ್ ಒಂದೇ ಸಮನೆ ತಿರುಗುವುದಿಲ್ಲ. ಯಾವ ಸ್ಕ್ರೂ ತಿರುಗಿಸಿದರೂ ಅದು ಸರಿಹೋಗದು. ಮೇಜಿನ ಮೇಲಿದ್ದ ಕಾರ್ಬ್ಯುರೇಟರ್‌ಗಳನ್ನೆಲ್ಲ ಕಡ್ಡಿ ಹಿಡಿದು ಮೇಲೆ ಕೆಳಗೆ ಅಲುಗಿಸುತ್ತ ಹೋದೆವು. ಟ್ಯಾಕ್ಸಿಗಳಲ್ಲಿ ದುಡಿದವೆಲ್ಲ ಲಟಲಟ ಎನ್ನುತ್ತಿದ್ದವು. ಕೊನೆಗೆ ಅವರು ಎದ್ದು, ಮೇಲಿನ ಹಲಗೆಯಿಂದ ಕಾಗದದಲ್ಲಿ ಸುತ್ತಿದ್ದ ಒಂದನ್ನು ಇಳಿಸಿದರು. ಖಾಸಗಿ ಕಾರಿನದು, ಅಂಚುಗಳಲ್ಲಿ ಕಾರ್ಖಾನೆಯ ಮಾಸಲು ಹಳದಿ ಲೇಪ ಇನ್ನೂ ಇತ್ತು. ಕಡ್ಡಿ ಅಲುಗಲಿಲ್ಲ. ಬೆಲೆ ಹೆಚ್ಚಾಗಿತ್ತು. ಮೇಸ್ತ್ರಿಗಳು ಚೌಕಾಸಿ ಮಾಡಲು ಹೊರಟಾಗ ನಾನೇ ತಡೆದೆ. ಅದನ್ನು ಗುಜರಿಯ ತೂಕಕ್ಕೆ ಹಾಕದೆ ಇಷ್ಟು ವರ್ಷ ಕಾಪಾಡಿದ್ದಕ್ಕೇ ಒಂದು ಬೆಲೆಯಿದೆ.

ಶುಕ್ರವಾರ, ಚೋರ್ ಬಜಾರ್

ಹಳೆಯ ಮಾಲಿನ ಪೇಟೆಯಾದ ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಖಾಯಂ ಅಂಗಡಿಗಳು ಶುಕ್ರವಾರ ಮುಚ್ಚಿರುತ್ತವೆ. ಆದರೆ ಬೆಳಕು ಹರಿಯುವ ಮುನ್ನವೇ ರಸ್ತೆಯ ಮೇಲೆ ಜುಮ್ಮಾ ಬಜಾರ್ ನೆರೆಯುತ್ತದೆ. ಚಾದರ ಹಾಸಿ ಮಾಲು ಸುರಿದುಕೊಂಡು ಕೂತ ವ್ಯಾಪಾರಿಗಳ ನಡುವೆ ಟಾರ್ಚ್ ಹಿಡಿದು ಬಾಗಿಕೊಂಡೇ ನಡೆದೆವು. ಇಲ್ಲಿ ಎಂಜಿನ್ ಭಾಗ ಹುಡುಕುವುದು ವ್ಯರ್ಥ. ಹುಡುಕಬೇಕಾದದ್ದು ಹೊಳೆಯುವ ಭಾಗಗಳನ್ನು: ಚಕ್ರದ ಮುಚ್ಚಳ, ದೀಪದ ಗಾಜು, ಅಕ್ಷರಗಳು, ಅಂಚುಪಟ್ಟಿ.

ನಡುವೆ ಫಿಯಟ್ ಎಂದು ಬರೆದ ಚಕ್ರದ ಮುಚ್ಚಳಗಳು ಸಿಕ್ಕವು. ಉಕ್ಕಿನ ತಗಡಿನವು. ತಗ್ಗು ಬಿದ್ದಿದ್ದರೂ ತಟ್ಟಿ ಎಬ್ಬಿಸಿ, ಹೊಸದಾಗಿ ತಾಮ್ರ, ನಿಕ್ಕಲ್, ಕ್ರೋಮ್ ಲೇಪ ಕೊಡಿಸಬಹುದು. ಬಾಗಿಲಿನ ಹಿಡಿಕೆಗಳ ಕಥೆ ಬೇರೆ. ಸತುವಿನ ಎರಕದ ಭಾಗದಲ್ಲಿ ಕ್ರೋಮಿನಡಿ ಗುಳ್ಳೆ ಎದ್ದಿದ್ದರೆ ತುಕ್ಕು ಲೋಹದ ಒಳಗೇ ಇಳಿದಿದೆ ಎಂದೇ ಅರ್ಥ. ಹಳೆಯ ಲೇಪ ತೆಗೆದರೆ ಸಣ್ಣ ಗುಂಡಿಗಳು ಉಳಿಯುತ್ತವೆ. ಅವನ್ನು ತುಂಬಿ ನಯಮಾಡುವ ಕೆಲಸಗಾರರು ಅಪರೂಪ. ಹೀಗಾಗಿ ಮಾಸಿದ್ದರೂ ಗುಳ್ಳೆಯಿಲ್ಲದ ಹಿಡಿಕೆ, ಹೊಳೆಯುತ್ತಿದ್ದೂ ಗುಳ್ಳೆಯಿರುವ ಹಿಡಿಕೆಗಿಂತ ಮೇಲು. ಟಾರ್ಚಿನ ಬೆಳಕನ್ನು ಅಡ್ಡಲಾಗಿ ಹಾಯಿಸಿದರೆ ಗುಳ್ಳೆ ನೆರಳು ಬೀಳಿಸುತ್ತದೆ. ನಮ್ಮ ಎಡಬಾಗಿಲಿಗೆ ಬೇಕಾದದ್ದು ಇಲ್ಲಿಯೂ ಸಿಗಲಿಲ್ಲ.

ಒಬ್ಬ ಹುಡುಗ ಬೋಲ್ಟುಗಳ ಡಬ್ಬಿ ಮುಂದಿಟ್ಟು ‘ಎಲ್ಲ ಫಿಯಟ್‌ದೇ’ ಎಂದ. ಫಿಯಟ್ ಮೆಟ್ರಿಕ್ ಅಳತೆಯ ಕಾರು. ಅಂಬಾಸಿಡರ್, ಹೆರಾಲ್ಡ್ ಕಾರುಗಳ ಮೂಲ ಇಂಗ್ಲೆಂಡಿನದು, ಅವುಗಳ ಬೋಲ್ಟು ಇಂಚಿನ ಲೆಕ್ಕ. ಇಂಚಿನ ಹದಿನಾರನೆಯ ಐದು ಭಾಗದ ಬೋಲ್ಟು 7.94 ಮಿ.ಮೀ. ದಪ್ಪ. ಮೆಟ್ರಿಕ್‌ನಲ್ಲಿ ಅದರ ಹತ್ತಿರದ್ದು 8 ಮಿ.ಮೀ. ಬರಿಗಣ್ಣಿಗೆ, ಬೆರಳಿಗೆ ಎರಡೂ ಒಂದೇ. ಆದರೆ ಎಂಟರ ಮಾಮೂಲಿ ಬೋಲ್ಟಿನಲ್ಲಿ ಸುತ್ತಿನಿಂದ ಸುತ್ತಿಗೆ 1.25 ಮಿ.ಮೀ. ಅಂತರ. ಇಂಚಿನದರಲ್ಲಿ ದಪ್ಪ ಥ್ರೆಡ್ಡಾದರೆ 1.41, ಸಣ್ಣದಾದರೆ 1.06. ಹಾಗಾಗಿ ಅದು ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ. ಅಲ್ಲಿ ಪಾನಾ ಹಾಕಿ ಒತ್ತಿದರೆ ಎಂಜಿನ್ನಿನ ಅಲ್ಯುಮಿನಿಯಮ್ ಹೆಡ್ಡಿನ ಥ್ರೆಡ್ ಕಿತ್ತುಬರುತ್ತದೆ. ಮೇಸ್ತ್ರಿಗಳು ಥ್ರೆಡ್ ಗೇಜಿನ ಹಲ್ಲುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಡಬ್ಬಿಯನ್ನು ಎರಡು ಗುಡ್ಡೆ ಮಾಡಿ ಆ ಹುಡುಗನಿಗೇ ತೋರಿಸಿದರು. ಅವನು ಶ್ರದ್ಧೆಯಿಂದ ನೋಡಿ, ಗುಡ್ಡೆಗಳನ್ನು ಬೇರೆ ಬೇರೆ ಡಬ್ಬಿಗೆ ತುಂಬಿಕೊಂಡ. ನಮಗೆ ಬೇಕಾದ ನಾಲ್ಕಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಶನಿವಾರ

ಮಳೆ. ಕೋಣೆಯಲ್ಲಿಯೇ ಕೂತು ಕೊಂಡದ್ದನ್ನೆಲ್ಲ ತೊಳೆದು, ಅಳೆದು, ಪಟ್ಟಿಗೆ ಟಿಕ್ ಹಾಕಿದೆವು. ಪಿಸ್ಟನ್ ವಿಚಾರ ಮತ್ತೆ ಬಂತು. ಡಿಲೈಟಿನ ಮೂಲ ಮಾದರಿಯಾದ 1100 ಡಿ ಎಂದು ಹೇಳಿ ಇಟಲಿಯಿಂದ ತರಿಸಿಬಿಟ್ಟರೆ ಸುಲಭವಲ್ಲವೇ ಎಂದು ಸ್ನೇಹಿತರು ಫೋನಿನಲ್ಲಿ ಕೇಳುತ್ತಿದ್ದರು. ಸುಲಭವಲ್ಲ. ಇಟಲಿಯ 1100 ಡಿ ಕಾರಿನ ಎಂಜಿನ್ 1221 ಸಿ.ಸಿ., ಪಿಸ್ಟನ್ನಿನ ವ್ಯಾಸ 72 ಮಿ.ಮೀ. ಭಾರತದ ಡಿಲೈಟ್ ಅದೇ ಬಾಡಿಯಲ್ಲಿ 1089 ಸಿ.ಸಿ. ಎಂಜಿನ್ನನ್ನೇ ಉಳಿಸಿಕೊಂಡಿತು, ವ್ಯಾಸ 68. ಎರಡರ ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 75. ಹೆಸರು ಒಂದೇ, ಪಿಸ್ಟನ್ ಬೇರೆ. ಅಲ್ಲಿಯ ಗೇರಿನ ಕಡ್ಡಿಗಳೂ ಎಡಗಡೆ ಸ್ಟೇರಿಂಗಿಗೆ ಮಾಡಿದಂಥವು. ಕಾರಿನ ಹೆಸರು ಹೇಳಿ ಭಾಗ ತರಿಸುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಫಿಯಟ್‌ಗೂ ಇದು ತಿಳಿದಿತ್ತು. ಇಟಲಿಯ ಅದರ ಹಳೆಯ ಕಾರುಗಳ ಫಲಕದಲ್ಲಿ ಚಾಸಿ ಸಂಖ್ಯೆಯ ಜೊತೆಗೆ ಬಿಡಿಭಾಗಗಳಿಗೆಂದೇ ಇನ್ನೊಂದು ಸಂಖ್ಯೆ ಇರುತ್ತಿತ್ತು.

ಭಾನುವಾರ, ರೈಲಿನಲ್ಲಿ

ಚೆನ್ನೈ ರೈಲು. ಸೊಲ್ಲಾಪುರ, ರಾಯಚೂರು, ಗುಂತಕಲ್ಲು. ಕಾರ್ಬ್ಯುರೇಟರ್ ಇದ್ದ ಚೀಲವನ್ನು ಮೇಸ್ತ್ರಿಗಳು ತಲೆದಿಂಬು ಮಾಡಿಕೊಂಡು ಮಲಗಿದರು.

ಸೋಮವಾರ, ಪುದುಪೇಟೆ

ಎಗ್ಮೋರಿಗೆ ಹತ್ತಿರ, ಕೂವಂ ನದಿಯ ಬದಿಯಲ್ಲಿ ಪುದುಪೇಟೆ. ಗಾಡಿ ಒಡೆದು ಭಾಗ ಮಾರುವ ಕೆಲಸಕ್ಕೆ ದಕ್ಷಿಣದಲ್ಲಿ ಹೆಸರಾದ ಜಾಗ. ಒಂದು ಅಂಗಡಿಯಲ್ಲಿ ಬರೀ ಗೇರ್‌ಬಾಕ್ಸು, ಪಕ್ಕದ್ದರಲ್ಲಿ ಬರೀ ಬಾಗಿಲು, ಎದುರು ಬರೀ ರೇಡಿಯೇಟರ್. ಕುರ್ಲಾಕ್ಕಿಂತ ಇಲ್ಲಿ ವಿಂಗಡಣೆ ಚೆನ್ನಾಗಿದೆ. ಕೇಳುವ ಭಾಗದ ಹೆಸರು ಖಚಿತವಾಗಿ ಗೊತ್ತಿದ್ದರೆ ಅರ್ಧ ಗಂಟೆಯಲ್ಲಿ ಇದೆಯೋ ಇಲ್ಲವೋ ತಿಳಿಯುತ್ತದೆ.

ವಾಟರ್ ಪಂಪ್ ಸಿಕ್ಕಿತು. ಒಳಗಿನ ರೆಕ್ಕೆಚಕ್ರ ತುಕ್ಕು ತಿಂದು ಅರ್ಧವಾಗಿತ್ತು, ಆದರೆ ಎರಕದ ದೇಹ ಬಿರುಕಿಲ್ಲದೆ ಗಟ್ಟಿಯಾಗಿತ್ತು. ಬೇರಿಂಗ್, ಸೀಲ್ ಹೊಸದು ಹಾಕಿದರೆ ಆಯಿತು. ಇಂಥ ಭಾಗಗಳಲ್ಲಿ ನಾವು ಕೊಳ್ಳುವುದು ಎರಕವನ್ನು ಮಾತ್ರ.

ಅಂಗಡಿಯವರೊಬ್ಬರು ಅದನ್ನು ನೋಡಿ, ಇಷ್ಟೆಲ್ಲ ಕಷ್ಟ ಏಕೆ, ಪೂರ್ತಿ ಎಂಜಿನ್ನೇ ಕೊಡುತ್ತೇನೆ, ಓಡುವ ಸ್ಥಿತಿಯಲ್ಲಿದೆ ಎಂದರು. ಸ್ಟಾರ್ಟ್ ಮಾಡಿಯೂ ತೋರಿಸಿದರು, ಸದ್ದು ಹಿತವಾಗಿಯೇ ಇತ್ತು. ಮೇಸ್ತ್ರಿಗಳ ಕಣ್ಣು ಒಂದು ಕ್ಷಣ ಹೊಳೆದದ್ದನ್ನು ಕಂಡೆ. ‘ಬೇಡ ಮೇಸ್ತ್ರಿಗಳೇ’ ಎಂದೆ. ‘ಗೊತ್ತು ಸಾರ್, ಸದ್ದು ಕೇಳುತ್ತಿದ್ದೆ ಅಷ್ಟೇ’ ಎಂದರು. ಎಂಜಿನ್ನಿನ ಮುಖ್ಯ ದೇಹವಾದ ಬ್ಲಾಕಿನ ಮೇಲೆ ಕೆತ್ತಿದ ಎಂಜಿನ್ ಸಂಖ್ಯೆಯೇ ಆರ್.ಸಿ.ಯಲ್ಲಿರುವುದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿಯಲ್ಲಿರುವ ವಿವರಕ್ಕೆ ಹೊಂದದಂತೆ ವಾಹನವನ್ನು ಮನಬಂದಂತೆ ಬದಲಿಸುವಂತಿಲ್ಲ. ಅದಕ್ಕಿಂತ ದೊಡ್ಡ ಕಾರಣ 2021ರ ವಿಂಟೇಜ್ ವಾಹನ ನಿಯಮ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಷರತ್ತು. 1968ರ ಕಾರಿಗೆ ವಯಸ್ಸಿನ ಅರ್ಹತೆ ಈಗಾಗಲೇ ಇದೆ. ಅದರದೇ ಬ್ಲಾಕನ್ನು ಬೋರ್ ಮಾಡಿಸಿ, ಅದರದೇ ಕ್ರ್ಯಾಂಕನ್ನು (ಪಿಸ್ಟನ್ನುಗಳು ತಿರುಗಿಸುವ ದಂಡ) ಅರೆಸಿ ಉಳಿಸಿಕೊಂಡರೆ ಆ ಅರ್ಹತೆಗೆ ತೂಕ ಬರುತ್ತದೆ. ಕಾನೂನು ಇಲ್ಲದಿದ್ದರೂ ನಾನು ಹಾಗೆಯೇ ಮಾಡುತ್ತಿದ್ದೆ. ಎಂಜಿನ್ನನ್ನೇ ಬದಲಿಸಿದ ಮೇಲೆ ಉಳಿದ ಕಡೆಯೆಲ್ಲ ಸರಿಯಾದ ಭಾಗ ಹುಡುಕುವುದಕ್ಕೆ ಅರ್ಥವೇನು?

ಮಂಗಳವಾರ, ಜನರಲ್ ಪ್ಯಾಟರ್ಸ್ ರಸ್ತೆ

ಹೊಸ ಬಿಡಿಭಾಗಗಳ ಅಂಗಡಿಗಳ ಸಾಲು. ಎರಡು ಕೆಲಸ ಉಳಿದಿದ್ದವು: ಕ್ರ್ಯಾಂಕ್ ಬೇರಿಂಗ್, ಬ್ರೇಕಿನ ರಬ್ಬರ್.

ಕ್ರ್ಯಾಂಕನ್ನು ಅರೆಸಿದ ಮೇಲೆ ಅದರ ವ್ಯಾಸ 0.508 ಮಿ.ಮೀ. ಕಡಿಮೆಯಾಗಿದೆ, ಅಂದರೆ ಇಂಚಿನ ಸಾವಿರ ಭಾಗಗಳಲ್ಲಿ ಇಪ್ಪತ್ತು. ಆ ಕೊರತೆ ತುಂಬುವಷ್ಟು ದಪ್ಪ ಹೆಚ್ಚಿರುವ, ಅದೇ ಅಂಕೆಯ ಬೇರಿಂಗ್ ಬೇಕು. ಈ ಎಂಜಿನ್ನಿನ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ಪ್ರತಿಯೊಂದೂ ಎರಡು ಅರೆಬಳೆಗಳ ಜೋಡಿ. ಮೂರೂ ಒಂದೇ ಅಳತೆಯವಾಗಿರಬೇಕು, ಜೋಡಿ ಒಡೆದಿರಬಾರದು. ಅಂಗಡಿಯ ಅಟ್ಟದಿಂದ ಇಳಿದ ಹಳೆಯ ದಾಸ್ತಾನಿನ ಪೊಟ್ಟಣದ ಮೇಲೆ ಸರಿಯಾದ ಅಂಕೆಯೇ ಇತ್ತು. ಗುರುವಾರದ ಜೆಟ್ ನೆನಪಿದ್ದುದರಿಂದ ಪೊಟ್ಟಣ ಬಿಚ್ಚಿಸಿದೆ. ಮೇಣಗಾಗದದೊಳಗೆ ಬೇರಿಂಗುಗಳು ಎಣ್ಣೆಯಲ್ಲಿ ಮಿಂದು ಕೂತಿದ್ದವು. ಪ್ರತಿಯೊಂದರ ಬೆನ್ನ ಮೇಲೂ ಅಳತೆಯ ಅಂಕೆ ಒತ್ತಿತ್ತು. ಒಂದು ಜೋಡಿಯ ಬೆನ್ನ ಮೇಲೆ ಮಾತ್ರ 0.254. ಯಾರೋ ಎಂದೋ ಪೊಟ್ಟಣ ತೆರೆದು ಅದಲು ಬದಲು ಮಾಡಿ ಮುಚ್ಚಿದ್ದರು. ಅಂಗಡಿಯವರು ತಾವೇ ಗಾಬರಿಯಾಗಿ, ಉಳಿದ ಪೊಟ್ಟಣಗಳನ್ನೆಲ್ಲ ಇಳಿಸಿ, ಬಿಚ್ಚಿ, ಸರಿಯಾದ ಜೋಡಿ ಹುಡುಕಿಕೊಟ್ಟರು. ಮೇಸ್ತ್ರಿಗಳು ಮೈಕ್ರೋಮೀಟರಿನಲ್ಲಿ ಪ್ರತಿಯೊಂದರ ದಪ್ಪ ನೋಡಿ ತಲೆಯಾಡಿಸಿದರು.

ಹಳೆಯ ದಾಸ್ತಾನಿನ ಬಗ್ಗೆ ನಮ್ಮವರಲ್ಲಿ ಒಂದು ಭಕ್ತಿಯಿದೆ. ಲೋಹಕ್ಕೆ, ಗಾಜಿಗೆ ಅದು ಸಲ್ಲುತ್ತದೆ. ರಬ್ಬರಿಗೆ ಖಂಡಿತ ಸಲ್ಲದು. ಪೊಟ್ಟಣ ಒಡೆಯದಿದ್ದರೂ ರಬ್ಬರ್ ಒಳಗೇ ಗಡಸಾಗಿ ಬಿರಿಯುತ್ತದೆ. ಅದೇ ಅಂಗಡಿಯಲ್ಲಿ ಕಂಪನಿಯ ಹಳೆಯ ಮುದ್ರೆಯಿದ್ದ ವೀಲ್ ಸಿಲಿಂಡರ್ ರಬ್ಬರುಗಳು ಬಂದವು. ಬಟ್ಟಲಿನಾಕಾರದ ಆ ರಬ್ಬರಿನ ಅಂಚನ್ನು ಹೆಬ್ಬೆರಳಲ್ಲಿ ಮಡಚಿದಾಗ ಮಡಿಕೆಯಲ್ಲಿ ಕೂದಲೆಳೆಯ ಗೀರುಗಳು ತೆರೆದುಕೊಂಡವು. ಅವನ್ನು ಮರಳಿಸಿ, ಸಿಲಿಂಡರಿನ ಒಳವ್ಯಾಸ ಅಳೆದು, ಇತ್ತೀಚೆಗೆ ತಯಾರಾದವನ್ನೇ ಕೊಂಡೆವು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಕಾರು ಇದು, ನಿಲ್ಲುವುದು ಆ ಪುಟ್ಟ ರಬ್ಬರ್ ಬಟ್ಟಲುಗಳ ಭರವಸೆಯ ಮೇಲೆ. ಅಲ್ಲಿ ಮೂಲರೂಪದ ಹಟ ಹಿಡಿಯುವುದು ತಪ್ಪು. ಜೋಡಿಸುವಾಗ ಬ್ರೇಕ್ ಆಯಿಲ್ ಬಿಟ್ಟು ಬೇರೆ ಯಾವ ಎಣ್ಣೆಯೂ ಈ ರಬ್ಬರಿಗೆ ತಾಗಬಾರದು. ಎಂಜಿನ್ ಆಯಿಲ್ ಸೋಕಿದರೆ ಉಬ್ಬಿ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಸಂಜೆಯ ಹೊತ್ತಿಗೆ ಪಟ್ಟಿಯಲ್ಲಿ ಉಳಿದದ್ದು ಎಡಬಾಗಿಲಿನ ಹಿಡಿಕೆ ಒಂದೇ. ನಂತರದ ಪದ್ಮಿನಿಯ ಹಿಡಿಕೆಗಳು ಎರಡು ಅಂಗಡಿಯಲ್ಲಿ ಥಳಥಳಿಸುತ್ತಿದ್ದವು. ಕೂರುತ್ತವೆ ಎಂದರು. ನಮ್ಮದರ ಪಕ್ಕ ಇಟ್ಟು ನೋಡಿದೆವು. ಬೆರಳು ಸಿಕ್ಕುವ ಜಾಗದ ಬಾಗು ಬೇರೆ, ಚೌಕದ ಕಡ್ಡಿ ಗಿಡ್ಡ. ನಮ್ಮ ಹಳೆಯದರಲ್ಲಿ ಗುಳ್ಳೆ ಇರುವುದು ಒಂದೇ ತುದಿಯಲ್ಲಿ, ಕೊಕ್ಕೆ ಗಟ್ಟಿಯಾಗಿದೆ. ಅದನ್ನೇ ಗುಂಡಿ ತುಂಬಿಸಿ ಲೇಪ ಕೊಡಿಸುವುದೆಂದು ತೀರ್ಮಾನಿಸಿದೆವು. ಸತುವಿನ ಎರಕದ ಮೇಲೆ ಕೆಲಸ ಮಾಡಬಲ್ಲ ಒಬ್ಬ ಪ್ಲೇಟಿಂಗ್‌ನವರ ನಂಬರನ್ನು ಬೇರಿಂಗ್ ಅಂಗಡಿಯವರೇ ಬಿಲ್ಲಿನ ಹಿಂದೆ ಬರೆದುಕೊಟ್ಟರು. ಮೇಸ್ತ್ರಿಗಳು ರೈಲು ಹತ್ತುವ ಮೊದಲೇ ಅವರಿಗೆ ಫೋನ್ ಮಾಡಿ, ಗುಂಡಿಗಳನ್ನು ತಾಮ್ರದಲ್ಲಿ ತುಂಬುತ್ತೀರೋ ಸೀಸದಲ್ಲೋ ಎಂದು ವಿಚಾರಿಸಿದರು.